ಬೇರೆ ಬೇರೆ ವಯಸ್ಸಿನಲ್ಲಿ ಶುರುವಾಗುವ ಸ್ಕಿಜೋಫ್ರೇನಿಯಾ: ಶಿವಮೊಗ್ಗದಲ್ಲಿ ಎಂಆರ್‌ಐ ಅಧ್ಯಯನ ಮಾಡುವುದು ಹೇಗೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೋವೈದ್ಯಶಾಸ್ತ್ರದ ಪಿಜಿ ಪ್ರಬಂಧಕ್ಕೆ ಪ್ರಸ್ತಾವನೆ ಬರೆಯುತ್ತಿದ್ದೇನೆ. ಸ್ಕಿಜೋಫ್ರೇನಿಯಾ ಶುರುವಾದ ವಯಸ್ಸಿಗೂ ಮಿದುಳಿನ ರಚನೆಗೂ ಇರುವ ಸಂಬಂಧ ನನ್ನ ವಿಷಯ.

ಸದ್ಯದ ಯೋಜನೆ ಇಷ್ಟು. 18 ತುಂಬುವ ಮೊದಲೇ ಕಾಯಿಲೆ ಶುರುವಾದವರು 30, 18ರಿಂದ 40ರೊಳಗೆ ಶುರುವಾದವರು 30, 40 ದಾಟಿದ ಮೇಲೆ ಶುರುವಾದವರು 30, ಆರೋಗ್ಯವಂತರು 30. ಕಾಯಿಲೆ ಎಷ್ಟೇ ಹಳೆಯದಿರಲಿ, ಹೊರರೋಗಿ ವಿಭಾಗಕ್ಕೆ ಬಂದವರಲ್ಲಿ ಒಪ್ಪಿದವರನ್ನೆಲ್ಲ ಸೇರಿಸಿಕೊಳ್ಳುವುದು. ಯಂತ್ರ 1.5 ಟೆಸ್ಲಾ, ವಾರಕ್ಕೆ ಎರಡು ಮಧ್ಯಾಹ್ನ ನಮಗೆ ಸಿಗುತ್ತದೆ. ಕಾರ್ಟೆಕ್ಸ್ (ಮಿದುಳಿನ ಹೊರಪದರ) ದಪ್ಪ, ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ) ಮತ್ತು ವೆಂಟ್ರಿಕಲ್ (ಮಿದುಳಿನೊಳಗಿನ ದ್ರವದ ಕೋಣೆ) ಗಾತ್ರ ಅಳೆಯಬೇಕು. ಸಮಯ ಉಳಿದರೆ ರೆಸ್ಟಿಂಗ್ ಎಫ್‌ಎಂಆರ್‌ಐ (ಸುಮ್ಮನೆ ಮಲಗಿದ್ದಾಗ ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಕೂಡ ತೆಗೆಯುವ ಆಸೆಯಿದೆ.

ಈ ಗುಂಪುಗಳು ಸರಿಯೇ? ತಲಾ 30 ಸಾಕಾಗುತ್ತದೆಯೇ? ರೋಗಿಗಳು ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯಿಂದ ಬರುವವರು. ಇಲ್ಲಿನವರ ವಿಷಯದಲ್ಲಿ ವಿಶೇಷವಾಗಿ ಏನು ನೋಡಿಕೊಳ್ಳಬೇಕು?

ಬೂದುದ್ರವ್ಯ

ಗುಂಪುಗಳ ಗಡಿ ಸರಿಯಾಗಿಯೇ ಇದೆ. ವಾಡಿಕೆಯಲ್ಲಿ 13 ತುಂಬುವ ಮೊದಲು ಶುರುವಾದರೆ ಬಾಲ್ಯಾರಂಭ, 18ರೊಳಗೆ ಆದರೆ ಬೇಗ ಆರಂಭ, 40 ದಾಟಿದರೆ ತಡ ಆರಂಭ. 60 ದಾಟಿದವರನ್ನು 2000ನೇ ಇಸವಿಯ ಅಂತಾರಾಷ್ಟ್ರೀಯ ಒಮ್ಮತದ ಪ್ರಕಾರ ಬೇರೆಯೇ ಹೆಸರಿನಲ್ಲಿ ಕರೆಯುತ್ತಾರೆ, ಅದನ್ನು ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ (ವಾಸ್ತವದ ಹಿಡಿತ ತಪ್ಪುವ ಸ್ಥಿತಿ) ಅಂತ ಮಾತ್ರ ಹೇಳುತ್ತಾರೆ.

ಕಷ್ಟ ಇರುವುದು ಗಡಿಯಲ್ಲಲ್ಲ, 'ಕಾಯಿಲೆ ಎಷ್ಟೇ ಹಳೆಯದಿರಲಿ' ಎಂಬ ಸಾಲಿನಲ್ಲಿ. ಸ್ಕ್ಯಾನ್ ಆದ ದಿನದ ವಯಸ್ಸಿನಿಂದ ಕಾಯಿಲೆಯ ಅವಧಿ ಕಳೆದರೆ ಸಿಗುವುದೇ ಆರಂಭದ ವಯಸ್ಸು. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿ ನಿಗದಿಯಾಗುತ್ತದೆ. 16ಕ್ಕೆ ಕಾಯಿಲೆ ಬಂದು ಈಗ 46 ಆಗಿರುವವರಿಗೆ 30 ವರ್ಷದ ಕಾಯಿಲೆ, 30 ವರ್ಷದ ಮಾತ್ರೆ. 44ಕ್ಕೆ ಬಂದು ಈಗ 46 ಆದವರಿಗೆ ಎರಡೇ ವರ್ಷದ್ದು. ಇಬ್ಬರ ಹಿಪೊಕ್ಯಾಂಪಸ್ ಹೋಲಿಸಿ 'ಬೇಗ ಶುರುವಾದವರಲ್ಲಿ ಹೆಚ್ಚು ಕುಗ್ಗಿದೆ' ಎಂದು ಬರೆದರೆ, ಕುಗ್ಗಿಸಿದ್ದು ಆರಂಭದ ವಯಸ್ಸೋ, ಕಾಯಿಲೆಯೋ, ಔಷಧವೋ ಎಂದು ಯಾರೂ ಬಿಡಿಸಿ ಹೇಳಲಾರರು. ಮೂರನ್ನೂ ಒಂದೇ ರಿಗ್ರೆಷನ್‌ಗೆ ಹಾಕಿದರೂ ಬಗೆಹರಿಯುವುದಿಲ್ಲ. ಸಾಫ್ಟ್‌ವೇರ್ ಒಂದನ್ನು ಸುಮ್ಮನೆ ಕೈಬಿಟ್ಟು ಉಳಿದೆರಡಕ್ಕೆ ಅಂಕಿ ಕೊಡುತ್ತದೆ, ಅದನ್ನೇ ಫಲಿತಾಂಶ ಅಂದುಕೊಂಡುಬಿಡುತ್ತೇವೆ.

ದಾರಿ ಮೂರಿವೆ. ಕಾಯಿಲೆ ಶುರುವಾಗಿ ಎರಡು ವರ್ಷದೊಳಗಿನವರನ್ನು ಮಾತ್ರ ತೆಗೆದುಕೊಳ್ಳುವುದು ಒಂದು. ಆಗ ಅವಧಿ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ, ಔಷಧದ ಹೊರೆಯೂ ಕಡಿಮೆ. ಆದರೆ ಸ್ಕ್ಯಾನ್ ವಯಸ್ಸೇ ಆರಂಭದ ವಯಸ್ಸಾಗಿಬಿಡುವುದರಿಂದ ಆರೋಗ್ಯವಂತರು 15ರಿಂದ 65ರವರೆಗೆ ಎಲ್ಲ ವಯಸ್ಸಿನಲ್ಲೂ ಬೇಕು. ನಿಮ್ಮ 30 ಜನ ಕಂಟ್ರೋಲ್ (ಹೋಲಿಕೆಗೆ ತೆಗೆದುಕೊಳ್ಳುವ ಆರೋಗ್ಯವಂತರು) ಇದಕ್ಕೆ ಏನೇನೂ ಸಾಲದು. ಆಗ ಕೇಳುವ ಪ್ರಶ್ನೆಯೂ ಬದಲಾಗುತ್ತದೆ: ರೋಗಿಗೂ ಅದೇ ವಯಸ್ಸಿನ ಆರೋಗ್ಯವಂತರಿಗೂ ಇರುವ ಅಂತರ ವಯಸ್ಸಿನ ಜೊತೆ ಬದಲಾಗುತ್ತದೆಯೇ? ಎರಡನೆಯ ದಾರಿ, ಈಗ 45ರಿಂದ 55ರೊಳಗೆ ಇರುವವರನ್ನು ಮಾತ್ರ ತೆಗೆದುಕೊಂಡು ಅವಧಿಯ ವ್ಯತ್ಯಾಸವನ್ನು ಒಪ್ಪಿಕೊಂಡೇ ಬರೆಯುವುದು. ಮೂರನೆಯದು ಒಬ್ಬರನ್ನೇ ಎರಡು ಮೂರು ಸಲ ಸ್ಕ್ಯಾನ್ ಮಾಡುವುದು. ಬಾಲ್ಯಾರಂಭದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಬಂದಿದ್ದು ಈ ಮೂರನೇ ದಾರಿಯಿಂದ. ಅಮೆರಿಕದ ಎನ್‌ಐಎಂಎಚ್‌ನಲ್ಲಿ (ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ) ಜೂಡಿತ್ ರಾಪೊಪೋರ್ಟ್ ಅವರ ತಂಡ 1990ರಲ್ಲಿ ಶುರುಮಾಡಿದ ಅಧ್ಯಯನದ ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ್ದರಿಂದಲೇ, ಬೂದು ದ್ರವ್ಯದ (ನರಕೋಶಗಳಿರುವ ಭಾಗದ) ನಷ್ಟ ಪರೈಟಲ್ (ನೆತ್ತಿಯ ಕಡೆಯ) ಭಾಗದಲ್ಲಿ ಮೊದಲು ಕಂಡು ಹದಿಹರೆಯದಲ್ಲಿ ಟೆಂಪೊರಲ್ (ಕಿವಿಯ ಕಡೆಯ), ಫ್ರಾಂಟಲ್ (ಹಣೆಯ ಕಡೆಯ) ಭಾಗಗಳಿಗೆ ಹಬ್ಬುತ್ತದೆ ಎಂದು 2001ರಲ್ಲಿ ತೋರಿಸಲು ಸಾಧ್ಯವಾಯಿತು. ಆ ಪ್ರಬಂಧದಲ್ಲಿ ಇದ್ದದ್ದು 12 ಮಕ್ಕಳು.

ಪಿಜಿ ಅವಧಿಯಲ್ಲಿ ಮೂರನೆಯದು ಆಗದ ಮಾತು. ಮೊದಲನೆಯದನ್ನೇ ಹಿಡಿಯಿರಿ, ಮೂರು ಡಬ್ಬಿ ಮಾಡದೆ ವಯಸ್ಸನ್ನು ಅಖಂಡವಾಗಿಯೇ ಇಟ್ಟುಕೊಳ್ಳಿ. 13ರೊಳಗಿನವರಿಗಾಗಿ ಕಾಯಬೇಡಿ. ಇಡೀ ಅಮೆರಿಕದಿಂದ ಹುಡುಕಿದರೂ ಎನ್‌ಐಎಂಎಚ್‌ಗೆ ಮೂರು ದಶಕದಲ್ಲಿ ಸಿಕ್ಕಿದ್ದು ನೂರರ ಆಸುಪಾಸು.

ಸಂಖ್ಯೆಯ ಬಗ್ಗೆ: ತಲಾ 30 ಇದ್ದರೆ 80% ಪವರ್‌ನಲ್ಲಿ (ನಿಜವಾದ ಅಂತರ ಹತ್ತರಲ್ಲಿ ಎಂಟು ಸಲ ಸಿಗುವಂತೆ) ಹಿಡಿಯಬಹುದಾದ ಕನಿಷ್ಠ ಅಂತರ ಕೊಹೆನ್ ಡಿ (ಸರಾಸರಿಗಳ ಅಂತರವನ್ನು ಅಂಕಿಗಳ ಹರಡುವಿಕೆಯಿಂದ ಭಾಗಿಸಿದ ಅಳತೆ) 0.74. ಹಲವು ದೇಶಗಳ ಸ್ಕ್ಯಾನ್ ಒಟ್ಟುಗೂಡಿಸುವ ಎನಿಗ್ಮಾ ಒಕ್ಕೂಟ 2018ರಲ್ಲಿ 4,474 ರೋಗಿಗಳನ್ನೂ 5,098 ಆರೋಗ್ಯವಂತರನ್ನೂ ಹೋಲಿಸಿದಾಗ ಕಾರ್ಟೆಕ್ಸ್ ದಪ್ಪದಲ್ಲಿ ಸಿಕ್ಕ ಅಂತರ 0.53 ಮಾತ್ರ. 2016ರ ಅವರದೇ ಲೆಕ್ಕದಲ್ಲಿ ಹಿಪೊಕ್ಯಾಂಪಸ್ 0.46, ಲ್ಯಾಟರಲ್ ವೆಂಟ್ರಿಕಲ್ 0.37. 0.5ರ ಅಂತರ ಹಿಡಿಯಲು ತಲಾ 64 ಜನ ಬೇಕು, 0.25 ಹಿಡಿಯಲು ತಲಾ 250. ಅಂತರ ವಯಸ್ಸಿನ ಜೊತೆ ಬದಲಾಗುತ್ತದೆಯೇ ಎಂದು ನೋಡಲು ಇನ್ನೂ ಹೆಚ್ಚು, ಅದು ಪಿಜಿ ಪ್ರಬಂಧಕ್ಕೆ ಮೀರಿದ್ದು. ಆದ್ದರಿಂದ 65 ರೋಗಿಗಳು, 65 ಆರೋಗ್ಯವಂತರು, ಒಂದೇ ಮುಖ್ಯ ಅಳತೆ: ಸರಾಸರಿ ಕಾರ್ಟೆಕ್ಸ್ ದಪ್ಪ. ವಯಸ್ಸಿನ ಪ್ರಶ್ನೆಯೂ ಸೇರಿ ಉಳಿದದ್ದೆಲ್ಲ ಅನ್ವೇಷಣೆ ಅಂತ ಮೊದಲೇ ಬರೆದು ನೋಂದಾಯಿಸಿಬಿಡಿ. ರೆಸ್ಟಿಂಗ್ ಎಫ್‌ಎಂಆರ್‌ಐ ಬಿಡಿ. ಹತ್ತು ನಿಮಿಷ ಹೆಚ್ಚಿಗೆ ಮಲಗಿಸಿ, ಅಲುಗಾಟದಿಂದ ಅರ್ಧ ಜನರನ್ನು ಕಳೆದುಕೊಂಡರೆ ಏನೂ ದಕ್ಕುವುದಿಲ್ಲ.

ಕೊಡಚಾದ್ರಿ ಮನೋವೈದ್ಯ

ಮೇಲಿನ ಮಾತಿಗೆ ನನ್ನ ಸಹಮತವಿದೆ. ಆದರೆ 'ಎರಡು ವರ್ಷದೊಳಗೆ' ಎನ್ನುವುದು ಕಾಗದದ ಮೇಲೆ ಸುಲಭ, ನಮ್ಮ ಕಡೆ ಆ ಆರಂಭದ ದಿನವನ್ನು ಹಿಡಿಯುವುದೇ ದೊಡ್ಡ ಕೆಲಸ. ಮನೆಯವರಿಗೆ ಇಸವಿ ನೆನಪಿರುವುದಿಲ್ಲ, ಸಂದರ್ಭ ನೆನಪಿರುತ್ತದೆ. ಅದಕ್ಕೆ ಸ್ಥಳೀಯ ಕ್ಯಾಲೆಂಡರ್ ಒಂದನ್ನು ಮಾಡಿಕೊಳ್ಳಿ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ಅಡಿಕೆ ಕೊನೆ ಕೊಯ್ಲಿನ ತಿಂಗಳುಗಳು, ಗದ್ದೆ ನೆಟ್ಟಿ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಚುನಾವಣೆ, ಮನೆಯ ಮದುವೆ. 'ಆ ಸಲದ ಕೊಯ್ಲಿನ ಹೊತ್ತಿಗೆ ಸರಿ ಇದ್ರಾ?' ಎಂದು ಹಿಂದಕ್ಕೆ ಹಿಂದಕ್ಕೆ ಕೇಳುತ್ತಾ ಹೋದರೆ ಎರಡು ಮೂರು ತಿಂಗಳ ಆಚೀಚೆ ಬರುತ್ತದೆ. ಶಾಲೆ ಬಿಟ್ಟದ್ದು, ಸ್ನಾನ ಬಿಟ್ಟದ್ದು, ಒಬ್ಬರೇ ಕೂರಲು ಶುರುಮಾಡಿದ್ದು ಒಂದು ದಿನಾಂಕ. ಧ್ವನಿ ಕೇಳಿಸಿದ್ದು, ಸಂಶಯ ಬಲವಾದದ್ದು ಇನ್ನೊಂದು. ಎರಡನ್ನೂ ಬೇರೆ ಕಾಲಂನಲ್ಲಿ ಬರೆಯಿರಿ, ಅಧ್ಯಯನದ 'ಆರಂಭ'ಕ್ಕೆ ಎರಡನೆಯದನ್ನೇ ಬಳಸಿ. ಇಬ್ಬರು ಸ್ವತಂತ್ರವಾಗಿ ದಿನಾಂಕ ಹಾಕಿ ಆಮೇಲೆ ತಾಳೆ ನೋಡಬೇಕು.

ವಯಸ್ಸಿನ ಎರಡೂ ತುದಿಗಳಲ್ಲಿ ರೋಗನಿರ್ಣಯ ಜಾರುತ್ತದೆ. 18ರೊಳಗಿನವರಲ್ಲಿ ಆಟಿಸಂ, ಬೈಪೋಲಾರ್, ಆಘಾತದ ನಂತರದ ಲಕ್ಷಣಗಳು ಸ್ಕಿಜೋಫ್ರೇನಿಯಾದಂತೆ ಕಾಣುತ್ತವೆ. ಕೆ-ಸ್ಯಾಡ್ಸ್ (ಮಕ್ಕಳ ರೋಗನಿರ್ಣಯಕ್ಕೆ ಇರುವ ಪ್ರಶ್ನಾವಳಿ) ಸಂದರ್ಶನ ಬೇಕೇ ಬೇಕು, ಆರು ತಿಂಗಳ ನಂತರ ರೋಗನಿರ್ಣಯ ಮರುಪರಿಶೀಲನೆಯೂ ಬೇಕು. ದಿಢೀರನೆ ಶುರುವಾಗಿ ಫಿಟ್ಸ್, ಜ್ವರ, ಬಾಯಿಯ ವಿಚಿತ್ರ ಚಲನೆ, ಮಾತು ನಿಲ್ಲುವುದು ಇದ್ದರೆ ಎನ್‌ಎಂಡಿಎ ರಿಸೆಪ್ಟರ್ ಎನ್‌ಸೆಫಲೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿಗೆ ತರುವ ಉರಿಯೂತ) ನೆನಪಿಸಿಕೊಳ್ಳಿ. ಅದರಲ್ಲಿ ಎಂಆರ್‌ಐ ಎಷ್ಟೋ ಸಲ ಸಾಮಾನ್ಯವಾಗಿಯೇ ಇರುತ್ತದೆ, ಸ್ಕ್ಯಾನ್ ಚೆನ್ನಾಗಿದೆ ಎಂದು ಕೈಬಿಡುವಂತಿಲ್ಲ. ನಡುಕವಿದ್ದರೆ ರಕ್ತದ ಸೆರುಲೋಪ್ಲಾಸ್ಮಿನ್ ಪರೀಕ್ಷೆ ಮಾಡಿಸಿ, ಕಣ್ಣಿನ ವೈದ್ಯರಿಂದ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿಸಿ, ವಿಲ್ಸನ್ ಕಾಯಿಲೆ (ದೇಹದಲ್ಲಿ ತಾಮ್ರ ಶೇಖರವಾಗುವುದು) ಇಲ್ಲವೆಂದು ಖಚಿತಪಡಿಸಿಕೊಳ್ಳಿ.

40 ದಾಟಿದವರಲ್ಲಿ ಹೆಂಗಸರು ಹೆಚ್ಚು, ಕಿವಿ ಮಂದವಾಗಿರುವುದೂ ಸಾಮಾನ್ಯ. 'ಗೋಡೆ ಆಚೆಯಿಂದ ಬರುತ್ತಾರೆ, ಹೊಗೆ ಬಿಡುತ್ತಾರೆ' ಎನ್ನುವ ಥರದ ಭ್ರಮೆ, ಆದರೆ ಯೋಚನೆಯ ಓಟ ಸಾಕಷ್ಟು ಸರಿಯಾಗಿರುತ್ತದೆ. ಇಲ್ಲಿ ಹೊರಗಿಡಬೇಕಾದದ್ದು ಲೂಯಿ ಬಾಡಿ ಕಾಯಿಲೆ (ಒಂದು ಬಗೆಯ ಮರೆವಿನ ಕಾಯಿಲೆ), ಆಲ್ಝೈಮರ್, ಸಣ್ಣ ರಕ್ತನಾಳಗಳ ಹಾನಿ, ಥೈರಾಯ್ಡ್, ಬಿ12 ಕೊರತೆ. ನೆನಪು, ಗ್ರಹಿಕೆಯ ಪರೀಕ್ಷೆ ಎಸಿಇ-3 ಕನ್ನಡದಲ್ಲಿ ಸಿಗುತ್ತದೆ, ಓದು ಬಾರದವರ ಅಂಕವನ್ನು ಓದಿದವರ ಗಡಿಗೆ ಹಚ್ಚಬೇಡಿ.

ಈಗ ಇಲ್ಲಿನ ವಿಷಯ. ಮೊದಲನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ನಮ್ಮ ಜಿಲ್ಲೆಯದ್ದೇ. ಜ್ವರ ಇಳಿದು ಒಂದೆರಡು ವಾರ ಚೆನ್ನಾಗಿದ್ದು, 10ರಿಂದ 20% ಜನರಿಗೆ ಎರಡನೇ ಸುತ್ತು ಬರುತ್ತದೆ: ವಿಪರೀತ ತಲೆನೋವು, ನಡುಕ, ದೃಷ್ಟಿ ತೊಂದರೆ, ಮನಸ್ಸು ಅಸ್ತವ್ಯಸ್ತ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಸೊಪ್ಪು, ದರಗಿಗೆ (ಒಣ ಎಲೆಗೆ) ಹೋಗುವವರಲ್ಲಿ ಹೆಚ್ಚು. ಬರೀ ಜ್ವರ ಬಂದು ಹೋದವರನ್ನು ಇಟ್ಟುಕೊಳ್ಳಬಹುದು. ಎರಡನೇ ಸುತ್ತಿನ ನರಲಕ್ಷಣ ಕಂಡವರನ್ನು, ರೋಗಿಯಾಗಲಿ ಕಂಟ್ರೋಲ್ ಆಗಲಿ, ಹೊರಗಿಡಿ. ಎರಡನೆಯದು ಅಡಿಕೆ ಮರದಿಂದ ಬಿದ್ದ ಪೆಟ್ಟು. ಕೊನೆಗಾರರಲ್ಲಿ (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರಲ್ಲಿ) ತಪ್ಪದೆ ಕೇಳಿ, ಪ್ರಜ್ಞೆ ತಪ್ಪಿತ್ತೇ, ಎಷ್ಟು ಹೊತ್ತು.

ಮೂರನೆಯದು ಕವಳ, ಅಂದರೆ ಎಲೆ-ಅಡಿಕೆ ಜಗಿಯುವುದು. ಅಡಿಕೆಯ ಅರಿಕೋಲಿನ್ ಮಸ್ಕರಿನಿಕ್ ರಿಸೆಪ್ಟರ್‌ಗಳನ್ನು ಪ್ರಚೋದಿಸುವ ವಸ್ತು. ಆಂಟಿಸೈಕೋಟಿಕ್ ಜೊತೆ ಬಿಗಿತ, ನಡುಕ ತಡೆಯಲು ನಾವು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾಡುವುದು ಅದಕ್ಕೆ ಸರಿಯಾಗಿ ವಿರುದ್ಧ. ಫ್ಲುಫೆನಜಿನ್‌ನಂಥ ಇಂಜೆಕ್ಷನ್ ಪಡೆಯುವವರು ಅಡಿಕೆ ಹೆಚ್ಚು ಜಗಿದಾಗ ಬಿಗಿತ, ನಡುಕ ಹೆಚ್ಚಾದ ವರದಿಗಳಿವೆ. ಪಲಾವು ದ್ವೀಪದ ಅಧ್ಯಯನ, 2000ನೇ ಇಸವಿಯದು, ಜಗಿಯುವ ರೋಗಿಗಳಲ್ಲಿ ಲಕ್ಷಣಗಳು ಸೌಮ್ಯ ಎಂದಿತು. ಇನ್ನು 2024ರಲ್ಲಿ ಅಮೆರಿಕದಲ್ಲಿ ಮಂಜೂರಾದ ಜಾನೊಮೆಲಿನ್–ಟ್ರೋಸ್ಪಿಯಂ ಕೂಡ ಮಸ್ಕರಿನಿಕ್ ದಾರಿಯದೇ ಔಷಧ. ಹಾಗಾಗಿ 'ತಂಬಾಕು: ಹೌದು/ಇಲ್ಲ' ಎಂಬ ಒಂದು ಚೌಕ ಸಾಲದು. ದಿನಕ್ಕೆ ಎಷ್ಟು ಕವಳ, ಹೊಗೆಸೊಪ್ಪು ಸೇರಿದೆಯೋ ಇಲ್ಲವೋ, ಎಷ್ಟು ವರ್ಷದಿಂದ, ಗುಟ್ಕಾನೋ ಮನೆಯ ಎಲೆ-ಅಡಿಕೆಯೋ ಎಂದು ಬರೆಯಿರಿ. ಇಲ್ಲಿ ಕಂಟ್ರೋಲ್‌ಗಳೂ ಜಗಿಯುತ್ತಾರೆ, ಎರಡೂ ಕಡೆ ಹೊಂದಿಸಲು ಸಾಧ್ಯ. ಬೇರೆ ಕಡೆಯವರಿಗೆ ಸಿಗದ ಮಾಹಿತಿ ಇದು, ದಯವಿಟ್ಟು ಬಿಡಬೇಡಿ.

ತುಂಗಾತೀರ

ತುಂಬಾ ಉಪಕಾರವಾಯಿತು. ಯೋಜನೆ ಬದಲಿಸುತ್ತೇನೆ. ಕಂಟ್ರೋಲ್‌ಗೆ ಆಸ್ಪತ್ರೆಯ ಸಿಬ್ಬಂದಿ ಮತ್ತು ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಕೇಳೋಣ ಎಂದುಕೊಂಡಿದ್ದೆವು, ಬೆಳಿಗ್ಗೆ ಯಂತ್ರ ಖಾಲಿ ಇದ್ದಾಗ ಅವರು ಬಂದು ಹೋಗಬಹುದು. ಅದು ಆಗುತ್ತದೆಯೇ? ಸೀಕ್ವೆನ್ಸ್ ಬಗ್ಗೆಯೂ ಯಾರಾದರೂ ಹೇಳಿದರೆ ಒಳ್ಳೆಯದು.

ಕಾಯಿಲ್ ರೂಮು

ಬೆಳಿಗ್ಗೆ ಕಂಟ್ರೋಲ್, ಮಧ್ಯಾಹ್ನ ರೋಗಿ ಎಂದು ಮಾತ್ರ ಮಾಡಬೇಡಿ. ಮಿದುಳಿನ ಗಾತ್ರ ಬೆಳಿಗ್ಗೆ ತುಸು ಹೆಚ್ಚು, ಸಂಜೆಯ ಹೊತ್ತಿಗೆ ತುಸು ಕಡಿಮೆ ಅಳತೆಗೆ ಬರುತ್ತದೆ. ನೀರು ಕಡಿಮೆಯಾದರೂ ಹಾಗೆಯೇ. ಹೊಸನಗರದಿಂದ ಬೆಳಿಗ್ಗೆ ಬಸ್ಸು ಹತ್ತಿ, ವಾಂತಿಯ ಭಯಕ್ಕೆ ನೀರೂ ಕುಡಿಯದೆ ಬಂದವರನ್ನು, ಹಾಸ್ಟೆಲ್‌ನಿಂದ ತಿಂಡಿ ತಿಂದು ಬಂದವರ ಜೊತೆ ಹೋಲಿಸಿದರೆ ಕಾಯಿಲೆ ಇಲ್ಲದೆಯೂ ವ್ಯತ್ಯಾಸ ಸಿಗುತ್ತದೆ. ಎಲ್ಲರಿಗೂ ಮಧ್ಯಾಹ್ನವೇ ಇಡಿ. ಬಂದ ಮೇಲೆ ಊಟ, ಎರಡು ಲೋಟ ನೀರು, ಒಂದು ಗಂಟೆ ವಿಶ್ರಾಂತಿ. ರೋಗಿಗಳನ್ನೆಲ್ಲ ಮುಗಿಸಿ ಕೊನೆಗೆ ಕಂಟ್ರೋಲ್ ಮಾಡುವುದೂ ತಪ್ಪು. ನಡುವೆ ಯಂತ್ರದ ಸಾಫ್ಟ್‌ವೇರ್ ಬದಲಾದರೆ ಎರಡು ಗುಂಪು ಎರಡು ಬೇರೆ ಯಂತ್ರದಲ್ಲಿ ತೆಗೆದಂತೆ ಆಗುತ್ತದೆ. ಸರ್ವಿಸ್ ಎಂಜಿನಿಯರ್‌ಗೆ ಮೊದಲೇ ಹೇಳಿಡಿ, ಅಪ್‌ಗ್ರೇಡ್ ತಪ್ಪಿಸಲು ಆಗದಿದ್ದರೆ ಅದರ ಹಿಂದೆ ಮುಂದೆ ಅದೇ ಎಂಟು ಹತ್ತು ಆರೋಗ್ಯವಂತರನ್ನು ಸ್ಕ್ಯಾನ್ ಮಾಡಿ.

ಸೀಕ್ವೆನ್ಸ್: ದಿನನಿತ್ಯದ 5 ಮಿ.ಮೀ. ಸ್ಲೈಸಿನ ಟಿ1 ಈ ಕೆಲಸಕ್ಕೆ ಬರುವುದಿಲ್ಲ. ಸ್ಯಾಜಿಟಲ್ 3ಡಿ ಟಿ1 ಬೇಕು. ಸೀಮನ್ಸ್‌ನಲ್ಲಿ ಎಂಪಿರೇಜ್, ಜಿಇಯಲ್ಲಿ ಬ್ರಾವೋ, ಫಿಲಿಪ್ಸ್‌ನಲ್ಲಿ 3ಡಿ ಟಿಎಫ್‌ಇ. 1.5 ಟೆಸ್ಲಾದ ಎಂಪಿರೇಜ್‌ಗೆ ಆಡ್ನಿ (ಆಲ್ಝೈಮರ್ ಕುರಿತ ಬಹುಕೇಂದ್ರ ಎಂಆರ್‌ಐ) ಅಧ್ಯಯನದ ಅಂಕಿಗಳು ಒಳ್ಳೆಯ ಆರಂಭ: ಟಿಆರ್ 2400, ಟಿಐ 1000 ಮಿಲಿಸೆಕೆಂಡ್, ಫ್ಲಿಪ್ ಆಂಗಲ್ 8. ವೋಕ್ಸೆಲ್ (ಚಿತ್ರದ ಅತಿ ಸಣ್ಣ ಘನ) ಮೂರೂ ದಿಕ್ಕಿನಲ್ಲಿ 1 ಮಿ.ಮೀ. ಸಮಯ ಉಳಿಸಲು ಪ್ಯಾರಲಲ್ ಇಮೇಜಿಂಗ್ (ಕಡಿಮೆ ಸಿಗ್ನಲ್‌ನಲ್ಲಿ ವೇಗವಾಗಿ ಚಿತ್ರ ತೆಗೆಯುವ ವಿಧಾನ) ಏರಿಸಬೇಡಿ, 1.5ರಲ್ಲಿ ಸಿಗ್ನಲ್ ಮೊದಲೇ ಕಡಿಮೆ. ಡಿಸ್ಟಾರ್ಷನ್ ಕರೆಕ್ಷನ್ 3ಡಿ ಆನ್ ಇರಲಿ, ಚಿತ್ರ ನುಣುಪು ಮಾಡುವ ಫಿಲ್ಟರ್‌ಗಳೆಲ್ಲ ಆಫ್. ಪ್ರೋಟೊಕಾಲನ್ನು ಬೇರೆ ಹೆಸರಿನಲ್ಲಿ ಉಳಿಸಿ ಲಾಕ್ ಮಾಡಿ, ಪಾಳಿ ಬದಲಾದಾಗ ಯಾರೋ ಎಫ್‌ಒವಿ (ಚಿತ್ರದ ವ್ಯಾಪ್ತಿ) ಬದಲಿಸುವುದು ಎಲ್ಲ ಕಡೆ ಆಗುವ ತಪ್ಪು. ಲೋಕಲೈಜರ್ ಆದ ಕೂಡಲೇ ಟಿ1, ಆಮೇಲೆ 3ಡಿ ಫ್ಲೇರ್ (ಬಿಳಿ ದ್ರವ್ಯದ ಹಾನಿ ಎದ್ದು ಕಾಣುವ ಚಿತ್ರ), ಕೊನೆಗೆ ಟಿ2. ಗೆಡೋಲಿನಿಯಂ (ಕಾಂಟ್ರಾಸ್ಟ್ ಇಂಜೆಕ್ಷನ್) ಬೇಡ.

ಟಿ1 ಮುಗಿದಾಗ ರೋಗಿ ಒಳಗಿರುವಾಗಲೇ ಚಿತ್ರ ತೆರೆದು ನೋಡಿ. ಹಣೆಯ ಹತ್ತಿರ, ಹಿಂದಲೆಯ ಹತ್ತಿರ ಅಲೆಯಂಥ ಗೆರೆಗಳಿದ್ದರೆ ಅಲುಗಾಟ, ಅಲ್ಲೇ ಮತ್ತೊಮ್ಮೆ ತೆಗೆಯಿರಿ. ಇದು ಬರೀ ಅಂದದ ವಿಷಯವಲ್ಲ. ಅಲುಗಾಡಿದ ಚಿತ್ರದಲ್ಲಿ ಕಾರ್ಟೆಕ್ಸ್ ತೆಳುವಾಗಿ ಅಳತೆಗೆ ಬರುತ್ತದೆ, ರೋಗಿಗಳೂ ಮಕ್ಕಳೂ ಹೆಚ್ಚು ಅಲುಗಾಡುತ್ತಾರೆ. ನೀವು ಹುಡುಕುತ್ತಿರುವ ಫಲಿತಾಂಶದ ನಕಲು ಅಲುಗಾಟದಿಂದಲೇ ತಯಾರಾಗಬಹುದು. ಹ್ಯಾಲೋಪೆರಿಡಾಲ್‌ನಂಥ ಔಷಧದಿಂದ ಅಕಥಿಸಿಯಾ (ಒಂದೆಡೆ ಕೂರಲಾಗದ ಚಡಪಡಿಕೆ) ಇರುವವರು ಎಂಟು ನಿಮಿಷ ಮಲಗಲಾರರು. ಹಿಂದಿನ ದಿನವೇ ವೈದ್ಯರು ನೋಡಿ ದಿನ ಮುಂದೂಡಬೇಕು, ಸ್ಕ್ಯಾನಿಗಾಗಿ ಔಷಧ ಬದಲಿಸಬಾರದು.

ಒಳಗೆ ಬಿಡುವ ಮೊದಲು ಕರಿಮಣಿ, ಕಾಲುಂಗುರ, ಮೂಗುಬೊಟ್ಟು, ಹೇರ್‌ಪಿನ್, ಸೀರೆಯ ಪಿನ್ನು, ಉಡಿದಾರ ಮತ್ತು ಅದಕ್ಕೆ ಕಟ್ಟಿದ ತಾಯಿತ ಎಲ್ಲ ತೆಗೆಸಬೇಕು. ತಾಯಿತದ ಒಳಗೆ ಏನಿದೆ ಎಂದು ಕಟ್ಟಿಸಿಕೊಂಡವರಿಗೂ ಗೊತ್ತಿರುವುದಿಲ್ಲ. ಬಿಚ್ಚಲು ಮನಸ್ಸಿಲ್ಲದವರಿಗೆ ಮನೆಯ ಹಿರಿಯರ ಕೈಯಲ್ಲೇ ಬಿಚ್ಚಿಸಿ, ಅವರ ಹತ್ತಿರವೇ ಇಟ್ಟುಕೊಳ್ಳಲು ಹೇಳಿ. ಬಾಯಲ್ಲಿ ಕವಳ ಇರಬಾರದು. ನುಂಗಿದಷ್ಟೂ ತಲೆ ಅಲುಗುತ್ತದೆ. ಹದಿಹರೆಯದವರ ಹಲ್ಲಿಗೆ ತಂತಿ ಇದ್ದರೆ ಮುಂಭಾಗದ ಚಿತ್ರ ಕೆಡುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಬದಲಿಸಿ, ಕಂಬಳಿ ಹೊದಿಸಿ, ಎಸಿಯ ಚಳಿಗೆ ನಡುಗಿದರೂ ಚಿತ್ರ ಹಾಳು.

ಧ್ವನಿ ಕೇಳಿಸುವವರಿಗೆ, ಯಂತ್ರದಿಂದ ಯಾರೋ ನಿಯಂತ್ರಿಸುತ್ತಾರೆ ಎಂಬ ನಂಬಿಕೆ ಇರುವವರಿಗೆ, ಆ ಸದ್ದನ್ನು ಮೊದಲೇ ಮೊಬೈಲ್‌ನಲ್ಲಿ ಕೇಳಿಸಿ, ಖಾಲಿ ಯಂತ್ರ ತೋರಿಸಿ, ಬೇಡವೆಂದರೆ ಬಿಟ್ಟುಬಿಡಿ. ಕಿವಿ ಮಂದವಿರುವ ಹಿರಿಯರು ಶ್ರವಣಸಾಧನ ತೆಗೆದ ಮೇಲೆ ಸ್ಪೀಕರ್‌ನಲ್ಲಿ ಹೇಳಿದ್ದೇನೂ ಕೇಳುವುದಿಲ್ಲ. ಕಾಲು ಮುಟ್ಟಿದರೆ 'ಈಗ ಶುರು' ಎಂದು ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ, ಕೈಯಲ್ಲಿ ಒತ್ತಿ ಕರೆಯುವ ಬಲ್ಬ್ ಕೊಡಿ.

ಬೂದುದ್ರವ್ಯ

ವಿದ್ಯಾರ್ಥಿಗಳ ಬಗ್ಗೆ ಇನ್ನೊಂದು ಮಾತು. ಎಂಬಿಬಿಎಸ್ ಓದುವವರನ್ನೂ, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ರೋಗಿಯನ್ನೂ ಹೋಲಿಸುವಂತಿಲ್ಲ. ಹಾಗಂತ ರೋಗಿಯ ಓದಿಗೇ ಹೊಂದಿಸಿದರೂ ತಪ್ಪು, ಓದು ನಿಲ್ಲಿಸಿದ್ದೇ ಕಾಯಿಲೆ. ತಂದೆತಾಯಿಯ ಓದಿಗೆ ಹೊಂದಿಸಿ. ಅದೇ ತಾಲ್ಲೂಕಿನ, ರಕ್ತಸಂಬಂಧವಿಲ್ಲದ ನೆರೆಹೊರೆಯವರು ಅಥವಾ ಬೇರೆ ವಿಭಾಗದ ರೋಗಿಗಳ ಜೊತೆ ಬಂದವರು ಸೂಕ್ತ. ಅಣ್ಣತಮ್ಮ, ಅಕ್ಕತಂಗಿ ಬೇಡ, ಅವರ ಕಾರ್ಟೆಕ್ಸ್‌ನಲ್ಲೂ ಅದೇ ದಿಕ್ಕಿನ ಸಣ್ಣ ವ್ಯತ್ಯಾಸಗಳು ಕಂಡಿವೆ.

ಅಳತೆಯಲ್ಲಿ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಾರ್ಟೆಕ್ಸ್ ದಪ್ಪ ಅಳೆಯುವ ಸಾಫ್ಟ್‌ವೇರ್ ಫ್ರೀಸರ್ಫರ್ ಒಂದು ಮಿದುಳಿಗೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಮೆಮೊರಿಯೂ ಹೆಚ್ಚು ಬೇಕು. ಶುರುಮಾಡಿದ ಆವೃತ್ತಿಯನ್ನೂ ಕಂಪ್ಯೂಟರನ್ನೂ ಕೊನೆಯವರೆಗೆ ಬದಲಿಸಬೇಡಿ. ಆವೃತ್ತಿ ಬದಲಾದರೆ ದಪ್ಪದ ಅಂಕಿಯೂ ಬದಲಾಗುತ್ತದೆ, ನೀವು ಹುಡುಕುತ್ತಿರುವುದೋ ಸುಮಾರು 2.5 ಮಿ.ಮೀ. ಕಾರ್ಟೆಕ್ಸ್‌ನಲ್ಲಿ 0.1 ಮಿ.ಮೀ.ಗೂ ಕಡಿಮೆ ವ್ಯತ್ಯಾಸ. ಗುಣಮಟ್ಟಕ್ಕೆ ಆಯ್ಲರ್ ಸಂಖ್ಯೆ ನೋಡಿ, ಮೇಲ್ಮೈಯಲ್ಲಿ ತೂತು ಹೆಚ್ಚಿದ್ದಷ್ಟೂ ಅಲುಗಾಟ ಹೆಚ್ಚು ಎಂದು ತಿಳಿಯಬಹುದು. ಹಿರಿಯರಲ್ಲಿ ಬಿಳಿ ದ್ರವ್ಯದ ಹಾನಿಯ ಕಲೆಗಳು ಟಿ1ರಲ್ಲಿ ಬೂದಾಗಿ ಕಾಣುವುದರಿಂದ ಸಾಫ್ಟ್‌ವೇರ್ ಅಲ್ಲಿ ಗಡಿ ತಪ್ಪಿ ಎಳೆಯುತ್ತದೆ. ಮೇಲೆ ಫ್ಲೇರ್ ಹೇಳಿದ್ದು ಇದಕ್ಕೂ ಬೇಕು; ಆ ಹಾನಿಗೆ ಫಝೆಕಾಸ್ ಅಂಕ 0ರಿಂದ 3, ಹೆಸರು ಗುಂಪು ಗೊತ್ತಿಲ್ಲದ ರೇಡಿಯಾಲಜಿಸ್ಟ್ ಕೊಡಲಿ. ಹದಿಹರೆಯದವರಲ್ಲಿ ಅಳತೆ ದಾರಿ ತಪ್ಪಿಸುವುದಕ್ಕೆ ಬೇರೆಯದೇ ಕಾರಣ: ಆ ವಯಸ್ಸಿನಲ್ಲಿ ಕಾರ್ಟೆಕ್ಸ್ ತೆಳುವಾಗುವುದು ಸಹಜ ಬೆಳವಣಿಗೆ, ಮಯಲಿನ್ (ನರತಂತುಗಳ ಹೊದಿಕೆ) ಹೆಚ್ಚುವುದರಿಂದಲೂ ತೆಳುವಾಗಿ ಕಾಣುತ್ತದೆ. ವಯಸ್ಸಿಗೆ ಸರಳರೇಖೆ ಹಾಕದೆ ಸ್ಪ್ಲೈನ್ (ಬಾಗುವ ರೇಖೆ) ಹಾಕಿ.

ತಲೆಬುರುಡೆಯ ಒಳಗಾತ್ರದ ವಿಷಯದಲ್ಲಿ ಎಚ್ಚರ. ವಯಸ್ಕರನ್ನೇ ಹೆಚ್ಚಾಗಿ ಒಳಗೊಂಡ 2016ರ ಎನಿಗ್ಮಾ ಲೆಕ್ಕದಲ್ಲಿ ಅದು ರೋಗಿಗಳಲ್ಲಿ ಕಡಿಮೆಯಿದ್ದದ್ದು ಕೊಹೆನ್ ಡಿ ಲೆಕ್ಕದಲ್ಲಿ 0.12ರಷ್ಟೇ. 2020ರಲ್ಲಿ ಹದಿಹರೆಯದ 263 ಸೈಕೋಸಿಸ್ ರೋಗಿಗಳಲ್ಲಿ ಅದು 0.39. ಬುರುಡೆಯ ಗಾತ್ರ ಬಾಲ್ಯದಲ್ಲೇ ಬಹುಪಾಲು ನಿರ್ಧಾರವಾಗುತ್ತದೆ, ಆದ್ದರಿಂದ ಬೇಗ ಶುರುವಾಗುವ ಕಾಯಿಲೆಯ ಬೇರು ಲಕ್ಷಣಗಳಿಗಿಂತ ಎಷ್ಟೋ ಹಿಂದೆ ಇದೆ ಎಂಬ ಸುಳಿವು ಇಲ್ಲಿದೆ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದಲ್ಲಿ ಆರಂಭದ ವಯಸ್ಸಿನ ಬಗ್ಗೆ ಸಿಕ್ಕಿರುವ ಅತಿ ಕುತೂಹಲದ ಅಂಕಿ ಇದು. ಹಿಪೊಕ್ಯಾಂಪಸ್ ಗಾತ್ರವನ್ನು ಒಳಗಾತ್ರಕ್ಕೆ ಹೊಂದಿಸುವಾಗ ಆ ಸುಳಿವೂ ಅಳಿಸಿಹೋಗುತ್ತದೆ. ಹೊಂದಿಸಿ ಒಮ್ಮೆ, ಹೊಂದಿಸದೆ ಒಮ್ಮೆ, ಎರಡನ್ನೂ ವರದಿ ಮಾಡಿ. ಕಾರ್ಟೆಕ್ಸ್ ದಪ್ಪಕ್ಕೆ ಆ ಹೊಂದಾಣಿಕೆ ಬೇಡ. ಔಷಧವನ್ನು ಕ್ಲೋರ್‌ಪ್ರೊಮಜಿನ್ ಸಮಾನಾಂಕಕ್ಕೆ (ಬೇರೆ ಬೇರೆ ಔಷಧಗಳನ್ನು ಒಂದೇ ಅಳತೆಗೆ ತರುವ ಲೆಕ್ಕಕ್ಕೆ) ಪರಿವರ್ತಿಸಿ, ಇವತ್ತಿನ ಡೋಸ್ ಅಲ್ಲ, ಶುರುವಿನಿಂದ ಇವತ್ತಿನವರೆಗಿನ ಒಟ್ಟು ಮೊತ್ತ.

ಕೊಡಚಾದ್ರಿ ಮನೋವೈದ್ಯ

ಎರಡನೇ ದಾರಿ, ಅಂದರೆ ಹಳೆಯ ರೋಗಿಗಳನ್ನು ಒಂದೇ ವಯಸ್ಸಿನಲ್ಲಿ ನೋಡುವುದು, ಮುಂದೆಂದಾದರೂ ಬೇಕಾದರೆ ತೀರ್ಥಹಳ್ಳಿ ತಾಲ್ಲೂಕು ನೆನಪಿರಲಿ. 2005ರಿಂದ ನಿಮ್ಹಾನ್ಸ್ ಅಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿ ಸಮುದಾಯ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ.

ಒಪ್ಪಿಗೆಯ ವಿಷಯ ಯಾರೂ ಎತ್ತಲಿಲ್ಲ. 18ರೊಳಗಿನವರಿಗೆ ಪೋಷಕರ ಒಪ್ಪಿಗೆ. ಜೊತೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ 12ರಿಂದ 18ರವರ ಸಮ್ಮತಿ ಬರಹದಲ್ಲಿ, 7ರಿಂದ 12ರವರ ಸಮ್ಮತಿ ಬಾಯಿಮಾತಿನಲ್ಲಿ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದ ರೋಗಿಯನ್ನು, ಅವರು ವಿರೋಧಿಸದಿದ್ದರೂ, ಮನೆಯವರ ಸಹಿಯೊಂದರ ಮೇಲೆ ಸೇರಿಸಿಕೊಳ್ಳುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 99ನೇ ಸೆಕ್ಷನ್ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅದಕ್ಕಾಗಿ ಕಾಯುವ ಬದಲು ಲಕ್ಷಣ ಹತೋಟಿಗೆ ಬಂದು ಅವರೇ ಅರ್ಥಮಾಡಿಕೊಂಡು ಸಹಿ ಹಾಕುವವರೆಗೆ ಕಾಯಿರಿ.

'ಸ್ಕ್ಯಾನಲ್ಲಿ ಏನು ಬಂತು ಡಾಕ್ಟ್ರೇ?' ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. 0.5ರ ಅಂತರ ಎಂದರೆ ರೋಗಿಗಳ ಮತ್ತು ಆರೋಗ್ಯವಂತರ ಅಂಕಿಗಳು 80% ಒಂದರ ಮೇಲೊಂದು ಬೀಳುತ್ತವೆ. ಒಬ್ಬರ ಚಿತ್ರ ನೋಡಿ ಕಾಯಿಲೆ ಇದೆ, ಇಲ್ಲ, ಮಗಳಿಗೂ ಬರುತ್ತದೆ ಎಂದು ಹೇಳಲು ಬರುವುದಿಲ್ಲ. ಅದನ್ನು ಒಪ್ಪಿಗೆ ಪತ್ರದಲ್ಲೇ ಸರಳ ಕನ್ನಡದಲ್ಲಿ ಹಾಕಿ. ಗಡ್ಡೆ, ಹುಳದ ಗಂಟು, ಹಳೆಯ ಸ್ಟ್ರೋಕ್ ಕಂಡರೆ ಮಾತ್ರ ತಿಳಿಸುತ್ತೇವೆ, ಯಾರು ತಿಳಿಸುತ್ತಾರೆ, ಎಲ್ಲಿಗೆ ಕಳಿಸುತ್ತೇವೆ ಎಂದೂ ಬರೆಯಿರಿ.

ತುಂಗಾತೀರ

65 ಮತ್ತು 65, ಎರಡು ವರ್ಷದೊಳಗಿನ ಕಾಯಿಲೆ, ಎಲ್ಲವೂ ಮಧ್ಯಾಹ್ನ, ಒಂದೇ ಮುಖ್ಯ ಅಳತೆ ಎಂದು ತಿದ್ದಿದ್ದೇನೆ. ಮುಂದೆ ಬೇರೆ ಕೇಂದ್ರಗಳ ದತ್ತಾಂಶದ ಜೊತೆ ಸೇರಿಸಲು ಈಗಲೇ ಏನಾದರೂ ಮಾಡಿಡಬೇಕೇ?

ಬೂದುದ್ರವ್ಯ

ಯಂತ್ರದಿಂದ ಬರುವ ಡೈಕಾಂ ಮೂಲ ಫೈಲುಗಳನ್ನು ಅಳಿಸದೆ ಎರಡು ಕಡೆ ಇಡಿ, ಬಿಡ್ಸ್ (ಮಿದುಳಿನ ಚಿತ್ರಗಳನ್ನು ಜೋಡಿಸಿಡುವ ಸಾಮಾನ್ಯ ನಿಯಮ) ಪದ್ಧತಿಯಲ್ಲಿ ಹೆಸರಿಡಿ. ಯಂತ್ರಗಳ ನಡುವಿನ ವ್ಯತ್ಯಾಸವನ್ನು ಕಾಂಬ್ಯಾಟ್ ಎಂಬ ಸಂಖ್ಯಾಶಾಸ್ತ್ರೀಯ ವಿಧಾನ ತೆಗೆಯುತ್ತದೆ. ಆದರೆ ಒಂದು ಕೇಂದ್ರದಲ್ಲಿ ಬರೀ ಎಳೆಯರು, ಇನ್ನೊಂದರಲ್ಲಿ ಬರೀ ಹಿರಿಯರು ಇದ್ದರೆ ವಯಸ್ಸು ಯಾವುದು, ಯಂತ್ರ ಯಾವುದು ಎಂದು ಅದಕ್ಕೂ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಕಂಟ್ರೋಲ್‌ಗಳು ವಯಸ್ಸಿನ ಪ್ರತಿ ದಶಕಕ್ಕೆ ಹತ್ತಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸ್ಕ್ಯಾನ್‌ನಿಂದ ಬಂದ ಮಿದುಳಿನ ಬೆಳವಣಿಗೆ ಪಟ್ಟಿಗೆ ನಿಮ್ಮ ಅಂಕಿ ಹಚ್ಚಲೂ ಸ್ಥಳೀಯ ಕಂಟ್ರೋಲ್ ಬೇಕು, ಅದರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದವರೇ ಹೆಚ್ಚು. ಟೆಂಪ್ಲೇಟ್ (ಹೋಲಿಕೆಗೆ ಬಳಸುವ ಮಾದರಿ ಮಿದುಳು) ಬೇಕಾದರೆ 6ರಿಂದ 60 ವರ್ಷದ ಭಾರತೀಯರ ಮಿದುಳಿನಿಂದ ವಯಸ್ಸಿನ ಐದು ಹಂತಕ್ಕೆ ಮಾಡಿದ್ದು 2020ರಿಂದ ಇದೆ.

3ಡಿ ಟಿ1ರಿಂದ ವ್ಯಕ್ತಿಯ ಮುಖವನ್ನೇ ಮರಳಿ ಕಟ್ಟಬಹುದು. ಹೆಸರು ತೆಗೆದರೆ ಸಾಲದು, ಹೊರಗೆ ಕಳಿಸುವ ಪ್ರತಿಯಲ್ಲಿ ಮುಖದ ಭಾಗ ಅಳಿಸಿರಬೇಕು. ಅಳಿಸುವ ಸಾಫ್ಟ್‌ವೇರ್ ಕೆಲವೊಮ್ಮೆ ಫ್ರಾಂಟಲ್ ಭಾಗದ ಅಂಚನ್ನೂ ಕತ್ತರಿಸುತ್ತದೆ. ಆದ್ದರಿಂದ ಅಳತೆಯನ್ನೆಲ್ಲ ಮೂಲ ಪ್ರತಿಯಲ್ಲೇ ಮುಗಿಸಿ, ಆಮೇಲೆ ಮುಖ ಅಳಿಸಿ, ಒಂದೊಂದನ್ನೂ ತೆರೆದು ನೋಡಿ ಕಳಿಸಿ.